ಮನೋರೋಗಿ ಅಪರಾಧಿಯಲ್ಲ, ಮನೋವೈದ್ಯ ಪೊಲೀಸನಲ್ಲ

(ಬನಶಂಕರಿ ಎರಡನೇ ಹಂತದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಮ್ಮ ಪಕ್ಕದಲ್ಲೇ ಇದೆ. ಬನಶಂಕರಿ ಬಸ್ ನಿಲ್ದಾಣದಿಂದ ಹೊಸೂರು ರಸ್ತೆಯ ಆ ಗೇಟಿಗೆ ಹತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದವರು ಬೆಳಗಾಗುವ ಮೊದಲೇ ಅಲ್ಲಿ ಸಾಲುಗಟ್ಟಿರುತ್ತಾರೆ. ಪಕ್ಕದಲ್ಲೇ ಇರುವ ನಾವು ಏನು ಮಾಡುತ್ತೇವೆ? ಮಗನ ಮಾತ್ರೆಯನ್ನು ತನ್ನ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳದೆ ಮಲ್ಲೇಶ್ವರದವರೆಗೂ ಹೋಗಿ ತರುವ ತಂದೆಯೊಬ್ಬರನ್ನು ನಾನು ಬಲ್ಲೆ. ಮಗಳ ಆಸ್ಪತ್ರೆ ಫೈಲನ್ನು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು, ಹೆಣ್ಣು ನೋಡಲು ಬಂದವರು ಎದ್ದುಹೋಗುವವರೆಗೂ ಬೀಗದ ಕೈಯನ್ನು ಸೊಂಟದಿಂದ ತೆಗೆಯದ ತಾಯಿಯನ್ನೂ ಬಲ್ಲೆ. ಇಬ್ಬರೂ ಓದಿದವರು, ಕೆಲಸ ಮಾಡಿ ನಿವೃತ್ತರಾದವರು, ಪತ್ರಿಕೆ ಓದುವವರು. ಅವರದು ಅಜ್ಞಾನ ಎಂದು ಹೇಳಿ ಕೈತೊಳೆದುಕೊಳ್ಳಲು ನಾನು ಸಿದ್ಧನಿಲ್ಲ.

ಅವರ ಮನಸ್ಸಿನಲ್ಲಿರುವುದು ಎರಡು ಭಯಗಳು. ಒಂದು ವೈದ್ಯರ ಭಯ: ಒಳಗೆ ಹೋದರೆ ಏನು ಮಾಡುತ್ತಾರೋ, ಶಾಕ್ ಕೊಡುತ್ತಾರೋ, ಜೀವನವಿಡೀ ಮಾತ್ರೆಗೆ ಕಟ್ಟಿಹಾಕುತ್ತಾರೋ. ಇನ್ನೊಂದು ಜನರ ಭಯ: ಗೊತ್ತಾದರೆ ಇವನನ್ನು ಅಪಾಯಕಾರಿ ಎಂದುಕೊಳ್ಳುತ್ತಾರೆ, ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಮನೆ ಖಾಲಿ ಮಾಡಿಸುತ್ತಾರೆ. ಮೊದಲನೆಯದಕ್ಕೆ ಕಾರಣಗಳಿವೆ. ಅವನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಎರಡನೆಯದನ್ನು ಹುಟ್ಟಿಸುವುದು ಸಮಾಜದ ಪೂರ್ವಗ್ರಹ, ಅದಕ್ಕೆ ಯಾವ ಗೌರವವೂ ಸಲ್ಲಬೇಕಾಗಿಲ್ಲ. ನಮ್ಮಲ್ಲಿ ಇವೆರಡೂ ಕಲಸಿಹೋಗಿವೆ. ಮನೋವೈದ್ಯಶಾಸ್ತ್ರದ ಮೇಲಿನ ಅಪನಂಬಿಕೆಯ ದಂಡವನ್ನು ರೋಗಿಯೇ ತೆರುತ್ತಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನಾನು ವೈದ್ಯನಲ್ಲ. ವಕೀಲ, ಬಹುಕಾಲ ಕ್ರಿಮಿನಲ್ ಪ್ರಕರಣಗಳನ್ನೇ ನಡೆಸಿದವನು. ಆದ್ದರಿಂದ ನನ್ನ ಮಾತು ಆಸ್ಪತ್ರೆಯ ಒಳಗಿನದಲ್ಲ, ಕೋರ್ಟಿನ ವರಾಂಡದ್ದು. ಅಲ್ಲಿ ನಿಂತು ಕಂಡದ್ದರಿಂದ ಒಂದು ಮಾತು ನನಗೆ ಖಚಿತವಾಗಿದೆ. ಈ ಎರಡೂ ಭಯಗಳ ಬೇರು ಒಂದೇ ಕಡೆ ಇದೆ. ಅದು ಪೊಲೀಸ್ ಠಾಣೆಯಲ್ಲಿದೆ.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಆರಂಭವಾದದ್ದು 1847ರಲ್ಲಿ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು, 1930ರ ದಶಕದಲ್ಲಿ ಲಕ್ಕಸಂದ್ರದ ಹೊಸ ಕಟ್ಟಡಗಳಿಗೆ ಬಂತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಜೊತೆ ಹುಟ್ಟಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರುಗಳು ಹೀಗೆ ಬದಲಾದವು. ರೋಗಿ ಒಳಗೆ ಹೋಗುವ ದಾರಿಯನ್ನು ನಿರ್ಧರಿಸುತ್ತಿದ್ದ ಕಾನೂನು ಮಾತ್ರ ಬಹುಕಾಲ ಬದಲಾಗಲಿಲ್ಲ. ಬ್ರಿಟಿಷ್ ಭಾರತದಲ್ಲಿ ಮೊದಮೊದಲು ಇಂಥ ಆಸ್ಪತ್ರೆಗಳು ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ ಅಧೀನದಲ್ಲಿದ್ದವು. 1912ರ ಲೂನಸಿ ಕಾಯ್ದೆ ಬಂದ ಮೇಲೂ ಬೀದಿಯಲ್ಲಿ ಅಲೆಯುವವನನ್ನು ಹಿಡಿಯುವವನು ಪೊಲೀಸ್, ಒಳಗೆ ಕಳಿಸುವ ಆದೇಶ ಬರೆಯುವವನು ಮ್ಯಾಜಿಸ್ಟ್ರೇಟ್. ಈ ಕಾಯ್ದೆ ಸ್ವತಂತ್ರ ಭಾರತದಲ್ಲೂ ದಶಕಗಟ್ಟಲೆ ನಡೆಯಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ, ಅದರಲ್ಲೂ ಮ್ಯಾಜಿಸ್ಟ್ರೇಟ್ ಉಳಿದುಕೊಂಡರು.

ಇದರ ಪರಿಣಾಮ ಯೋಚಿಸಿ. ಟೈಫಾಯ್ಡ್ ಬಂದವನನ್ನು ಪೊಲೀಸರು ಹಿಡಿದು ಕೋರ್ಟಿಗೆ ಹಾಜರುಪಡಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಮನಸ್ಸಿನ ಕಾಯಿಲೆಯವನನ್ನು ಮಾತ್ರ ನಾಲ್ಕು ತಲೆಮಾರು ಹಾಗೆ ಕಂಡವು. ವ್ಯಾನು, ಪೇದೆ, ಕಟಕಟೆ, ಆದೇಶ, ಕಬ್ಬಿಣದ ಗೇಟು. ಕಣ್ಣು ಕಂಡದ್ದನ್ನು ಮನಸ್ಸು ನಂಬಿತು. ಕಳ್ಳನಿಗೆ ನಡೆಯುವ ವಿಧಿಯೇ ಇವನಿಗೂ ನಡೆಯುತ್ತಿದ್ದರೆ ಇವನಲ್ಲೂ ಏನೋ ಅಪರಾಧ ಇರಲೇಬೇಕು ಎಂದು ಜನ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಪರಾಧ ಮಾಡದ ಮನೋರೋಗಿಗಳನ್ನು ಆಸ್ಪತ್ರೆಯಲ್ಲಿ ಜಾಗವಿಲ್ಲವೆಂದು ಜೈಲಿನಲ್ಲೇ ಇಡುವುದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟು ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು 1993ರಲ್ಲಿ. ಅಸ್ಸಾಮಿನ ಮಚಲ್ ಲಾಲುಂಗ್ ಎಂಬ ವ್ಯಕ್ತಿ 1951ರಲ್ಲಿ ಬಂಧಿತರಾಗಿ, ಮಾನಸಿಕ ಆಸ್ಪತ್ರೆಗೆ ಕಳಿಸಲ್ಪಟ್ಟು, ವಿಚಾರಣೆಯೇ ನಡೆಯದೆ 2005ರಲ್ಲಿ ಹೊರಬಂದರು. ಒಳಗೆ ಹೋದಾಗ ಯುವಕ, ಹೊರಬಂದಾಗ ಮುದುಕ.

ಆತ್ಮಹತ್ಯೆಗೆ ಯತ್ನಿಸಿದವರನ್ನೂ ನಾವು ಇದೇ ದಾರಿಯಲ್ಲಿ ನಡೆಸಿದೆವು. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಅದು ಒಂದು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧವಾಗಿತ್ತು. ಬದುಕಲಾರೆ ಎಂದು ಮಾತ್ರೆ ನುಂಗಿದ ಹುಡುಗಿಯನ್ನು ಆಟೋದಲ್ಲಿ ಎತ್ತಿಕೊಂಡು ಓಡಿಬಂದ ಮನೆಯವರಿಗೆ ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಮೊದಲು ಕೇಳಿಸಿದ ಮಾತು, ‘ಇದು ಎಂಎಲ್‌ಸಿ ಆಗುತ್ತೆ, ಬೇರೆ ಕಡೆ ಕರ್ಕೊಂಡು ಹೋಗಿ’ ಎಂದು. ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಬೇರೆ ಕಡೆ ಹೊಟ್ಟೆ ತೊಳೆದು ಮಲಗಿಸಿದ ಮೇಲೆ, ಅವಳು ಕಣ್ಣುಬಿಟ್ಟಾಗ ಮಂಚದ ಪಕ್ಕದಲ್ಲಿ ಅಮ್ಮ ಒಂದು ಕಡೆ, ಹೇಳಿಕೆ ಬರೆದುಕೊಳ್ಳಲು ಬಂದ ಪೇದೆ ಇನ್ನೊಂದು ಕಡೆ. ಅವಳು ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆ: ‘ನನ್ನ ಅರೆಸ್ಟ್ ಮಾಡ್ತಾರಾ?’ ಆ ಮನೆಯವರು ಸಲಹೆಗೆ ನನ್ನ ಬಳಿ ಬಂದಿದ್ದರು. ಮನೋವೈದ್ಯರ ಬಳಿ ಕರೆದೊಯ್ಯಿರಿ ಎಂದು ನಾನು ಹೇಳಿದಾಗ ಆ ತಂದೆ, ಇನ್ನೂ ಒಂದು ಕಡೆ ರೆಕಾರ್ಡ್ ಆಗುವುದು ಬೇಡ ಸಾರ್ ಎಂದರು. ಅವರ ಲೆಕ್ಕದಲ್ಲಿ ಠಾಣೆಯ ರೆಕಾರ್ಡೂ ಆಸ್ಪತ್ರೆಯ ರೆಕಾರ್ಡೂ ಒಂದೇ ಆಗಿದ್ದವು.

ಇನ್ನು ನಮ್ಮ ನಗರಕ್ಕೇ ಸೇರಿದ ಒಂದು ವಿಷಯಕ್ಕೆ ಬರುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಇಡೀ ದೇಶಕ್ಕೆ ಮಂಪರು ಪರೀಕ್ಷೆಯ ರಾಜಧಾನಿಯಾಗಿತ್ತು. ಬೇರೆ ಬೇರೆ ರಾಜ್ಯಗಳ ಪೊಲೀಸರು ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಔಷಧವನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಟ್ಟು, ಅರೆನಿದ್ದೆಗೆ ಜಾರಿದವನನ್ನು ಪ್ರಶ್ನೆ ಕೇಳುವುದು, ತೊದಲಿದ್ದನ್ನು ಬರೆದುಕೊಳ್ಳುವುದು. ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳನ್ನು ನಾವೆಲ್ಲ ಊಟದ ತಟ್ಟೆ ಮುಂದಿಟ್ಟುಕೊಂಡು ಟಿವಿಯಲ್ಲಿ ನೋಡಿದೆವು. ತಲೆಗೆ ತಂತಿಗಳನ್ನು ಹಚ್ಚಿ ಮಿದುಳಿನ ‘ನಕ್ಷೆ’ ತೆಗೆಯುವ ಪರೀಕ್ಷೆಯೂ ಜೊತೆಗಿತ್ತು. ವಿಜ್ಞಾನ ಕಡೆಗೂ ಸತ್ಯವನ್ನು ಬಾಯಿಬಿಡಿಸಿತು ಎಂದು ಬಹಳ ಜನ ಸಂತೋಷಪಟ್ಟರು.

ಇಂಥ ಔಷಧಗಳನ್ನು ಮನೋವೈದ್ಯರು ಹಿಂದೆ ಬಳಸುತ್ತಿದ್ದದ್ದು ಬೇರೆ ಕೆಲಸಕ್ಕೆ. ಆಘಾತದಿಂದಲೋ ಕಾಯಿಲೆಯಿಂದಲೋ ಮಾತೇ ನಿಂತುಹೋದವರನ್ನು ಮೆಲ್ಲಗೆ ಮಾತಾಡಿಸಲು, ಅವರ ನೋವಿಗೆ ಬಾಯಿ ಕೊಡಲು. ಚಿಕಿತ್ಸೆಯ ಆ ಉಪಾಯ ನಮ್ಮ ಊರಿನಲ್ಲಿ ವಿಚಾರಣೆಯ ಅಸ್ತ್ರವಾಯಿತು. ಮಂಪರಿನಲ್ಲಿ ಮನುಷ್ಯ ಸತ್ಯವನ್ನೇ ಹೇಳುತ್ತಾನೆ ಎನ್ನಲು ಆಧಾರವಿಲ್ಲ. ಕಲ್ಪನೆಯನ್ನೂ ಹೇಳುತ್ತಾನೆ, ಕೇಳುವವನು ಬಯಸಿದ್ದನ್ನೂ ಹೇಳುತ್ತಾನೆ. ಇದರ ವಿರುದ್ಧ ವೈದ್ಯ ವಿಜ್ಞಾನದ ಒಳಗಿನಿಂದಲೇ ದನಿ ಎದ್ದಿತು ಎಂಬುದನ್ನೂ ಹೇಳಬೇಕು. ಮಿದುಳಿನ ನಕ್ಷೆಯ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದು, ಅದನ್ನು ನಿಲ್ಲಿಸಬೇಕು ಎಂದು 2008ರಲ್ಲಿ ವರದಿ ಕೊಟ್ಟದ್ದು ಆಗಿನ ನಿಮ್ಹಾನ್ಸ್ ನಿರ್ದೇಶಕ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಯಾವುದನ್ನೂ ಮಾಡಕೂಡದು. ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕಿಗೂ ವ್ಯಕ್ತಿ ಸ್ವಾತಂತ್ರ್ಯಕ್ಕೂ ವಿರುದ್ಧ.

ಈ ತೀರ್ಪನ್ನು ನಾವು ವಕೀಲರು ಆರೋಪಿಯ ಹಕ್ಕಿನ ತೀರ್ಪಾಗಿ ಓದುತ್ತೇವೆ. ಅದು ರೋಗಿಗಳಿಗೂ ಸೇರಿದ್ದು ಎಂದು ನನ್ನ ನಂಬಿಕೆ. ಬಿಳಿ ಕೋಟು ಹಾಕಿದವನು ಮನಸ್ಸಿನೊಳಗೆ ಇಣುಕಿ ನೋಡಿದ್ದನ್ನು ಖಾಕಿ ಹಾಕಿದವನಿಗೆ ತಲುಪಿಸುತ್ತಾನೆ ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಯಾವ ರೋಗಿ ವೈದ್ಯರ ಮುಂದೆ ಬಾಯಿಬಿಡುತ್ತಾನೆ? ಮನೋವೈದ್ಯರ ಕೈಯಲ್ಲಿ ಸ್ಟೆತಸ್ಕೋಪಿಗಿಂತ ದೊಡ್ಡ ಸಾಧನ ರೋಗಿಯ ಮಾತು. ಆ ಮಾತಿಗೆ ರಕ್ಷಣೆ ಇಲ್ಲದ ಕಡೆ ಚಿಕಿತ್ಸೆಯೇ ಇಲ್ಲ.

ಮನೋರೋಗಿಗಳು ಅಪರಾಧ ಮಾಡುವುದೇ ಇಲ್ಲವೇ ಎಂದು ನೀವು ಕೇಳಬಹುದು. ಇದನ್ನು ಮುಚ್ಚಿಟ್ಟು ಮಾತಾಡಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಅಂಕಿಗಳನ್ನೇ ಮುಂದಿಡುತ್ತೇನೆ.

ಪರಪ್ಪನ ಅಗ್ರಹಾರದ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್, ಡಾ. ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2011ರಲ್ಲಿ ಹೊರಬಂತು. 5,024 ಕೈದಿಗಳನ್ನು ಪರೀಕ್ಷಿಸಿದ ದೊಡ್ಡ ಕೆಲಸ ಅದು. ಅವರಲ್ಲಿ ಶೇ. 79.6ರಷ್ಟು ಜನರಿಗೆ ಮನೋರೋಗ ಅಥವಾ ವ್ಯಸನದ ಸಮಸ್ಯೆ ಇತ್ತು. ಈ ಒಂದು ಸಾಲನ್ನು ಕಿತ್ತು ತೆಗೆದರೆ ಸಾಕು, ‘ಕೈದಿಗಳಲ್ಲಿ ಐವರಲ್ಲಿ ನಾಲ್ವರು ಮಾನಸಿಕ ಅಸ್ವಸ್ಥರು’ ಎಂಬ ತಲೆಬರಹ ತಯಾರಾಗುತ್ತದೆ. ಪೂರ್ವಗ್ರಹಕ್ಕೆ ಬೇಕಾದದ್ದು ಅಷ್ಟೇ. ಆದರೆ ಅದೇ ವರದಿಯನ್ನು ಮುಂದೆ ಓದಿ. ತಂಬಾಕು, ಮದ್ಯ ಮೊದಲಾದ ವ್ಯಸನಗಳನ್ನು ಬದಿಗಿಟ್ಟರೆ ಉಳಿಯುವುದು ಶೇ. 27.6. ಆ ಉಳಿದವರಲ್ಲೂ ಕಾಯಿಲೆಯ ಕಾರಣಕ್ಕೇ ಅಪರಾಧ ಮಾಡಿದವರು ಎಷ್ಟು, ಜೈಲಿಗೆ ಬಂದ ಮೇಲೆ ಕಾಯಿಲೆ ಬಿದ್ದವರು ಎಷ್ಟು? ನಮ್ಮ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ತಪ್ಪಿತಸ್ಥರೆಂದು ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಜಾಮೀನಿಗೆ ದುಡ್ಡಿಲ್ಲ, ಊರಿನಿಂದ ಬರುವವರಿಲ್ಲ, ಮುಂದಿನ ತಾರೀಖು ಯಾವಾಗಲೋ ತಿಳಿಯದು. ಇಂಥ ಕಡೆ ಮನುಷ್ಯ ಖಿನ್ನತೆಗೆ ಬೀಳುವುದು ಅವನ ಅಪರಾಧದ ಪುರಾವೆಯಲ್ಲ. ಅದು ನಮ್ಮ ನ್ಯಾಯವ್ಯವಸ್ಥೆ ಹಚ್ಚುವ ಕಾಯಿಲೆ.

2021ರಲ್ಲಿ ಪ್ರಾಜೆಕ್ಟ್ 39ಎ ಸಂಸ್ಥೆ ಡಾ. ಪ್ರತಿಮಾ ಮೂರ್ತಿಯವರ ಮಾರ್ಗದರ್ಶನದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಮರಣದಂಡನೆಯ ಕೈದಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ಅವರಲ್ಲಿ ಶೇ. 62ರಷ್ಟು ಮಂದಿಗೆ ಯಾವುದಾದರೊಂದು ಮನೋರೋಗ ಇತ್ತು. ನೇಣಿನ ನೆರಳಿನಲ್ಲಿ ವರ್ಷಗಟ್ಟಲೆ ಕೂರಿಸಿದರೆ ಮನಸ್ಸು ಏನಾಗುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಮರಣದಂಡನೆಗೆ ಗುರಿಯಾಗಿದ್ದ ಉಮೇಶ್ ರೆಡ್ಡಿಯ ಪ್ರಕರಣವನ್ನು ಈ ನಗರ ಮರೆತಿಲ್ಲ. ಅವನ ಅಪರಾಧ ಘೋರವಾದದ್ದು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬೆಳಗಾವಿ ಜೈಲಿನಲ್ಲಿ ಅವನನ್ನು ಹತ್ತು ವರ್ಷ ಕಾನೂನುಬಾಹಿರವಾಗಿ ಏಕಾಂತದಲ್ಲಿ ಇಟ್ಟದ್ದು ಅವನ ಮನಸ್ಸನ್ನು ಕೆಡಿಸಿತು ಎಂಬುದನ್ನು ಪರಿಗಣಿಸಿ ಸುಪ್ರೀಂ ಕೋರ್ಟು 2022ರಲ್ಲಿ ಅವನ ಮರಣದಂಡನೆಯನ್ನು ಕಡಿತಗೊಳಿಸಿತು.

ಹೊರದೇಶಗಳ ಲೆಕ್ಕವನ್ನೂ ಚುಟುಕಾಗಿ ಹೇಳುತ್ತೇನೆ. ಸ್ವೀಡನ್ನಿನಲ್ಲಿ 1988ರಿಂದ 2000ದವರೆಗಿನ ಆಸ್ಪತ್ರೆ ದಾಖಲೆ ಮತ್ತು ಶಿಕ್ಷೆಯ ದಾಖಲೆಗಳನ್ನು ಜೋಡಿಸಿ ನೋಡಿದ ಸಂಶೋಧಕರು, ಹಿಂಸೆಯ ಅಪರಾಧಗಳಲ್ಲಿ ಗಂಭೀರ ಮನೋರೋಗದ ಪಾಲು ಶೇ. 5ರ ಆಸುಪಾಸು ಎಂದು ಕಂಡುಕೊಂಡರು. ಅಂದರೆ ಆ ದೇಶದಲ್ಲಿ ಒಬ್ಬನಿಗೂ ಅಂಥ ಕಾಯಿಲೆ ಇಲ್ಲದಿದ್ದರೂ ನೂರರಲ್ಲಿ 95 ಹಿಂಸಾಪರಾಧ ನಡೆದೇ ನಡೆಯುತ್ತಿದ್ದವು. ಶಿಕಾಗೋದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಭೀರ ಮನೋರೋಗವಿದ್ದವರ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಜನ ಒಂದೇ ವರ್ಷದಲ್ಲಿ ಹಿಂಸೆಗೆ ತುತ್ತಾಗಿದ್ದರು. ಹೊಡೆಸಿಕೊಂಡವರು ಅವರು. ಚಿಕಿತ್ಸೆ ಸಿಗದ ಕೆಲವು ಕಾಯಿಲೆಗಳಲ್ಲಿ, ಅದರಲ್ಲೂ ಕುಡಿತವೋ ಮಾದಕ ವಸ್ತುವೋ ಜೊತೆಗೂಡಿದಾಗ, ಹಿಂಸೆಯ ಸಾಧ್ಯತೆ ಏರುತ್ತದೆ ಎಂಬುದೂ ನಿಜ. ಪೆಟ್ಟು ತಿನ್ನುವವರು ಹೆಚ್ಚಾಗಿ ಮನೆಯವರೇ. ಆ ತಾಯಂದಿರ ಸಂಕಟವನ್ನು ನಾನು ಸಣ್ಣದು ಮಾಡುವುದಿಲ್ಲ. ಅವರಿಗೆ ಬೇಕಾದದ್ದು ಸಕಾಲಕ್ಕೆ ಚಿಕಿತ್ಸೆ. ಪೂರ್ವಗ್ರಹವು ಅಡ್ಡ ನಿಲ್ಲುವುದು ಸರಿಯಾಗಿ ಅಲ್ಲೇ.

ಕೋರ್ಟಿನಲ್ಲಿ ‘ಹುಚ್ಚ ಎಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ’ ಎಂಬ ಮಾತೂ ಜನಜನಿತ. ಹಳೆಯ ದಂಡ ಸಂಹಿತೆಯ 84ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 22ನೆಯದಾಗಿದೆ. 1843ರಲ್ಲಿ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಿಂದ ಹುಟ್ಟಿದ ತತ್ವ ಅದು. ಕಾಯಿಲೆ ಇದ್ದ ಮಾತ್ರಕ್ಕೆ ಅದರ ರಕ್ಷಣೆ ಸಿಗುವುದಿಲ್ಲ. ಆ ಕೃತ್ಯ ಮಾಡುವ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪು ಎಂಬುದಾಗಲಿ ತಿಳಿಯದ ಸ್ಥಿತಿ ಇತ್ತೆಂದು ಆರೋಪಿಯೇ ತೋರಿಸಿಕೊಡಬೇಕು. ನಮ್ಮ ಬಡ ಕಕ್ಷಿದಾರರ ಬಳಿ ಹಳೆಯ ಚೀಟಿ ಒಂದೂ ಇರುವುದಿಲ್ಲ. ಇದ್ದದ್ದನ್ನೂ ಮರ್ಯಾದೆಗೆ ಅಂಜಿ ಮನೆಯವರು ಹರಿದಿರುತ್ತಾರೆ. ಹಾಗೆ ಖುಲಾಸೆಯಾದವನೂ ಸಾಮಾನ್ಯವಾಗಿ ನೇರ ಮನೆಗೆ ಹೋಗುವುದಿಲ್ಲ, ಸುರಕ್ಷಿತ ಅಭಿರಕ್ಷೆಗೆ ಹೋಗುತ್ತಾನೆ. ಇದನ್ನು ತಪ್ಪಿಸಿಕೊಳ್ಳುವ ದಾರಿ ಎನ್ನುವವರು ಆ ದಾರಿಯಲ್ಲಿ ಒಬ್ಬನಾದರೂ ನಡೆದದ್ದನ್ನು ಕಂಡಿರಲಾರರು.

ಪತ್ರಿಕೆ ಮತ್ತು ಟಿವಿಯವರ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. 2013ರಲ್ಲಿ ಪರಪ್ಪನ ಅಗ್ರಹಾರದಿಂದ ತಪ್ಪಿಸಿಕೊಂಡ ಸರಣಿ ಹಂತಕ ಜೈಶಂಕರನಿಗೆ ಮಾಧ್ಯಮಗಳು ‘ಸೈಕೋ’ ಎಂಬ ಬಿರುದು ಅಂಟಿಸಿದವು. ಅಲ್ಲಿಂದೀಚೆಗೆ ಕ್ರೂರವಾದ ಪ್ರತಿ ಕೊಲೆಗಾರನೂ ನಮಗೆ ಸೈಕೋ. ಕ್ರೌರ್ಯಕ್ಕೆ ಕಾಯಿಲೆಯ ಹೆಸರಿಟ್ಟಾಗ ಕೊಲೆಗಾರನಿಗೆ ನಷ್ಟವಿಲ್ಲ. ಮಾತ್ರೆ ನುಂಗಿ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವ ಸಾವಿರಾರು ಜನರ ಹಣೆಗೆ ಆ ಕೆಸರು ಮೆತ್ತಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. 2020ರ ಜನವರಿಯಲ್ಲಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇಟ್ಟವನು ಬೆಂಗಳೂರಿಗೆ ಬಂದು ಶರಣಾದಾಗ ‘ಅವನು ಮಾನಸಿಕ ಅಸ್ವಸ್ಥ’ ಎಂಬ ಮಾತು ತನಿಖೆಗಿಂತ ಮೊದಲೇ ಓಡಾಡತೊಡಗಿತು. ಕೋರ್ಟು 2022ರಲ್ಲಿ ಅವನಿಗೆ 20 ವರ್ಷ ಶಿಕ್ಷೆ ವಿಧಿಸಿತು. ನಮ್ಮವನು ಎನಿಸಿದರೆ ತಲೆ ಕೆಟ್ಟವನು, ಪರಕೀಯ ಎನಿಸಿದರೆ ಭಯೋತ್ಪಾದಕ. ಎರಡೂ ಸಂದರ್ಭಗಳಲ್ಲಿ ನಿಜವಾದ ರೋಗಿಯನ್ನು ಬಳಸಿಕೊಂಡು ಬಿಸಾಡಲಾಗುತ್ತದೆ.

ಕಾದಂಬರಿಕಾರ್ತಿ ತ್ರಿವೇಣಿಯವರು ಈ ಪೂರ್ವಗ್ರಹವನ್ನು ಅರವತ್ತು ವರ್ಷಗಳ ಹಿಂದೆಯೇ ಕಂಡಿದ್ದರು. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿಯೇ ಮನೆಗೆ ಬರುತ್ತಾಳೆ. ಬಂಧುಗಳ ಕಣ್ಣು, ನೆರೆಯವರ ಪಿಸುಮಾತು, ಗಂಡನ ದ್ರೋಹ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತವೆ. ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಕನ್ನಡನಾಡು ಕಣ್ಣೀರಿಟ್ಟಿತು. ತೆರೆಯ ಮೇಲಿನ ಕಲ್ಪನಾ ಅವರಿಗಾಗಿ ಅತ್ತ ನಾವು ಕಾವೇರಿಯರಿಗೆ ಮನೆ ಬಾಡಿಗೆಗೆ ಕೊಡಲು ಇನ್ನೂ ಕಲಿತಿಲ್ಲ.

ಇನ್ನು ವೈದ್ಯರ ಕಡೆಗೆ. ನಂಬಿಕೆಯನ್ನು ಕೇಳಿ ಪಡೆಯಲಾಗದು, ಗಳಿಸಬೇಕು. ಅದಕ್ಕೆ ಮೊದಲು ತನ್ನ ಇತಿಹಾಸವನ್ನು ತಾನೇ ಹೇಳಿಕೊಳ್ಳುವ ಧೈರ್ಯ ಬೇಕು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಡಾ. ಎಂ. ವಿ. ಗೋವಿಂದಸ್ವಾಮಿ ಮತ್ತು ಡಾ. ಬಿ. ಎನ್. ಬಾಲಕೃಷ್ಣರಾವ್ ಅದರ ಬಗ್ಗೆ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಜಗತ್ತು ಅದನ್ನು ಮುನ್ನಡೆ ಎಂದೇ ನಂಬಿ 1949ರಲ್ಲಿ ಅದರ ಜನಕನಿಗೆ ನೊಬೆಲ್ ಬಹುಮಾನವನ್ನೂ ಕೊಟ್ಟಿತು. ಗೋವಿಂದಸ್ವಾಮಿಯವರು ಈ ಸಂಸ್ಥೆಯನ್ನು ಕಟ್ಟಿದ ದೊಡ್ಡವರು. ಅವರ ಮೇಲಿನ ಗೌರವ ಉಳಿಸಿಕೊಂಡೇ ಆ ಅಧ್ಯಾಯವನ್ನೂ ಜನರ ಮುಂದಿಡಬಹುದು, ಇಡಬೇಕು. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರು 1973ರವರೆಗೆ ಕಾಯಿಲೆ ಎಂದು ಕರೆದರು. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ವಿರೋಧಿಸಿದವರಿಗೆ ಸ್ಕಿಜೋಫ್ರೇನಿಯಾದ ಹಣೆಪಟ್ಟಿ ಹಚ್ಚಿ ಕೂಡಿಹಾಕಿದರು. ಖಿನ್ನತೆ ಎಂದರೆ ಮಿದುಳಿನಲ್ಲಿ ಸೆರೊಟೋನಿನ್ ಕೊರತೆ ಎಂದು ಬಹುಕಾಲ ರೋಗಿಗಳಿಗೆ ಸಲೀಸಾಗಿ ಹೇಳಲಾಯಿತು. 2022ರಲ್ಲಿ ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರ ವಿಮರ್ಶೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ತೋರಿಸಿತು. ಔಷಧ ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಎಷ್ಟೋ ಮನೆಗಳನ್ನು ಲಿಥಿಯಂ ಒಂದೇ ಉಳಿಸಿದೆ. ರೋಗಿಗೆ ಸರಳಗೊಳಿಸಿದ ಕಥೆ ಹೇಳುವ ಬದಲು ‘ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ’ ಎನ್ನುವ ವೈದ್ಯರನ್ನು ಜನ ಹೆಚ್ಚು ನಂಬುತ್ತಾರೆ ಎಂಬುದು ನನ್ನ ಮಾತಿನ ಅರ್ಥ.

ಹೊರರೋಗಿ ವಿಭಾಗದಲ್ಲಿ ಐದು ನಿಮಿಷದ ಭೇಟಿ, ಹಳೆಯ ಚೀಟಿಗೆ ಇನ್ನೊಂದು ಮಾತ್ರೆ ಸೇರ್ಪಡೆ, ಯಾಕೆಂದು ಕೇಳಿದರೆ ಸಿಡುಕು. ಈ ದೂರು ನನ್ನ ಕಿವಿಗೆ ಬಿದ್ದಷ್ಟು ಬೇರೆ ಯಾವುದೂ ಬಿದ್ದಿಲ್ಲ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ ಎಂಬುದು ಅದಕ್ಕೆ ಒಂದು ಕಾರಣ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಆ ಜನ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಗಳವಾರ, ಶುಕ್ರವಾರ ರಾಹುಕಾಲದ ಹೊತ್ತಿಗೆ ನಮ್ಮ ಬನಶಂಕರಿ ಅಮ್ಮನ ಗುಡಿಗೆ ಬನ್ನಿ. ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಮಗುಚಿ ಬಟ್ಟಲು ಮಾಡಿ, ಎಣ್ಣೆಬತ್ತಿ ಇಟ್ಟು ದೀಪ ಹಚ್ಚುವ ಹೆಂಗಸರ ಸಾಲು ಕಾಣುತ್ತದೆ. ನಿದ್ದೆ ಬಾರದ ಸೊಸೆ, ಯಾರ ಜೊತೆಗೂ ಮಾತಾಡದ ಮಗ, ಕುಡಿದು ಹಾಳಾದ ಗಂಡ, ಎಲ್ಲರ ಹೆಸರಿನಲ್ಲೂ ಅಲ್ಲಿ ದೀಪ ಉರಿಯುತ್ತದೆ. ಅದನ್ನು ಮೂಢನಂಬಿಕೆ ಎಂದು ಜರೆಯುವವರು ನಿಮ್ಹಾನ್ಸ್‌ನಲ್ಲೇ ಇದ್ದ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದನ್ನು ಓದಬೇಕು. ತಮಿಳುನಾಡಿನ ಒಂದು ಗುಡಿಯಲ್ಲಿ ವಾರಗಟ್ಟಲೆ ತಂಗಿದ್ದ 31 ರೋಗಿಗಳನ್ನು ಅವರು ಗಮನಿಸಿದರು. ಔಷಧವಿಲ್ಲದೆಯೂ ಲಕ್ಷಣಗಳ ತೀವ್ರತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ಬೈಗುಳವಿರಲಿಲ್ಲ, ಅನುಮಾನದ ಕಣ್ಣಿರಲಿಲ್ಲ, ಮಾಡಲು ಸಣ್ಣಪುಟ್ಟ ಕೆಲಸವಿತ್ತು, ಜೊತೆಗೆ ಮನೆಯವರಿದ್ದರು. ಆದರೆ ಎಲ್ಲ ಗುಡಿ, ದರ್ಗಾಗಳೂ ಹಾಗಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ದರ್ಗಾ ಊರು ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28. ಅವರ ಮೇಲೆ ಯಾವ ಆರೋಪವೂ ಇರಲಿಲ್ಲ.

ಜನರ ಬಳಿಗೆ ಹೋದಾಗಲೆಲ್ಲ ಮನೋವೈದ್ಯಶಾಸ್ತ್ರಕ್ಕೆ ನಂಬಿಕೆ ಸಿಕ್ಕಿದೆ, ಅದಕ್ಕೂ ಸಾಕ್ಷಿ ಕರ್ನಾಟಕವೇ. ಎಪ್ಪತ್ತರ ದಶಕದಲ್ಲಿ ಡಾ. ಆರ್. ಎಲ್. ಕಪೂರ್, ಮನೋವೈದ್ಯ ಕಾರ್ಸ್ಟೇರ್ಸ್ ಜೊತೆಗೂಡಿ ಉಡುಪಿ ಸೀಮೆಯ ಕೋಟದಲ್ಲಿ ಮನೆಮನೆ ಹೊಕ್ಕು ಜನರ ಮನೋಕ್ಲೇಶವನ್ನು ಅರಿತರು. ಇಲ್ಲೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್ ಹಳ್ಳಿಯ ಕೇಂದ್ರ ತೆರೆಯಿತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ಆರಂಭಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಮ್ಮ ಬಿಟಿಎಂ ಬಡಾವಣೆಯಲ್ಲಿರುವ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರಕ್ಕೆ ಆಸ್ಪತ್ರೆಯ ದೊಡ್ಡ ಗೇಟಿಗೆ ಅಂಜುವವರೂ ನಿರಾಳವಾಗಿ ನಡೆದುಹೋಗುತ್ತಾರೆ.

ಕಾನೂನೂ ಈಗ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಅವರನ್ನು ಆರೈಕೆ ಮಾಡಬೇಕು ಎನ್ನುತ್ತದೆ ಅದು. 2024ರ ಜುಲೈ 1ರಿಂದ 309ನೇ ಕಲಂ ಕೂಡ ಇಲ್ಲವಾಗಿದೆ. ಸರಪಳಿ ನಿಷಿದ್ಧ, ಬಲವಂತವಾಗಿ ತಲೆ ಬೋಳಿಸುವುದು ನಿಷಿದ್ಧ, ಅರಿವಳಿಕೆಯಿಲ್ಲದ ಶಾಕ್ ಚಿಕಿತ್ಸೆ ನಿಷಿದ್ಧ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕು ರೋಗಿಗಿದೆ. ಅಲೆಮಾರಿ ರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡಕೂಡದು. ಚಿಕಿತ್ಸೆಯಲ್ಲಿರುವವರ ಫೋಟೋವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದು. ನಮ್ಮ ಠಾಣೆಗಳಲ್ಲಿ, ಸುದ್ದಿಮನೆಗಳಲ್ಲಿ ಈ ಕಲಂಗಳನ್ನು ಓದಿದವರು ಬಹಳ ಕಡಿಮೆ. ನನ್ನ ಕಿರಿಯ ವಕೀಲ ಮಿತ್ರರಲ್ಲೂ ಕಡಿಮೆ.

ಆದ್ದರಿಂದ ನಾನು ಕೇಳಿಕೊಳ್ಳುವುದು ಬಹಳ ಸಣ್ಣ ಸಂಗತಿಗಳನ್ನು. ಇಲ್ಲಿರುವ ಕ್ಷೇಮಾಭಿವೃದ್ಧಿ ಸಂಘಗಳ ಪದಾಧಿಕಾರಿಗಳು ತಮ್ಮ ಮುಂದಿನ ಸಭೆಗೆ ಒಬ್ಬ ಮನೋವೈದ್ಯರನ್ನೂ, ಕಾಯಿಲೆ ಅನುಭವಿಸಿ ಈಗ ನೆಮ್ಮದಿಯಿಂದ ಬದುಕುತ್ತಿರುವ ಒಬ್ಬರನ್ನೂ ಒಟ್ಟಿಗೆ ಕರೆಯಿರಿ. ವೈದ್ಯರು ಮಾತಾಡುವ ಮೊದಲು ಕಾಯಿಲೆ ಅನುಭವಿಸಿದವರಿಗೆ ಮೈಕು ಕೊಡಿ. ಪತ್ರಕರ್ತ ಮಿತ್ರರು ಕೊಲೆಯ ಸುದ್ದಿಯಿಂದ ‘ಸೈಕೋ’ ಎಂಬುದನ್ನು ಇಂದೇ ಕೈಬಿಡಿ. ವೈದ್ಯರು ಚೀಟಿ ಬರೆಯುವ ಮುನ್ನ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ಏನು ತೊಂದರೆ ಬರಬಹುದು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಮನೆ ಮಾಲೀಕರು ಬಾಡಿಗೆದಾರನ ಬಾಡಿಗೆ ಮತ್ತು ನಡತೆಯನ್ನು ನೋಡಿ, ಅವನ ಔಷಧದ ಡಬ್ಬವನ್ನಲ್ಲ. ಮನೆಯಲ್ಲಿ ಯಾರಾದರೂ ಒಳಗೊಳಗೇ ಕುಸಿಯುತ್ತಿದ್ದಾರೆ ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ದಯವಿಟ್ಟು ಈಗಲೇ ಬರೆದುಕೊಳ್ಳಿ.